ತಿನ್ನಬಹುದಾದದ್ದನ್ನು ಉಸಿರಾಡಬಹುದೆ? ‘ಪಾಪ್‌ಕಾರ್ನ್ ಶ್ವಾಸಕೋಶ’ದ ಬಗೆಗಿನ ಬರಹಗಳು

ಬೆಣ್ಣೆಯ ಪರಿಮಳಕ್ಕೆ ಕಾರಣವಾದ ವಸ್ತುಗಳಲ್ಲಿ ಡೈಅಸಿಟೈಲ್ ಮುಖ್ಯವಾದುದು. ಹಾಲನ್ನು ಹೆಪ್ಪುಗಟ್ಟಿಸುವ ಕೆಲವು ಬ್ಯಾಕ್ಟೀರಿಯಗಳೇ ಅದನ್ನು ಉತ್ಪಾದಿಸುತ್ತವೆ. ಆಹಾರದಲ್ಲಿ ಅದು ಸುರಕ್ಷಿತವೆಂದು ಅಮೆರಿಕದ ಆಹಾರ ನಿಯಮಗಳು ಒಪ್ಪಿವೆ. ಹೀಗಿದ್ದೂ 2000ದ ಮೇ ತಿಂಗಳಲ್ಲಿ, ಮಿಸೌರಿ ರಾಜ್ಯದ ಜಾಸ್ಪರ್‌ನಲ್ಲಿದ್ದ ಮೈಕ್ರೋವೇವ್ ಪಾಪ್‌ಕಾರ್ನ್ ಕಾರ್ಖಾನೆಯ ಎಂಟು ಮಂದಿ ಮಾಜಿ ಕೆಲಸಗಾರರಿಗೆ ಗುಣವಾಗದ ಶ್ವಾಸರೋಗ ತಗಲಿರುವುದು ವರದಿಯಾಯಿತು. ಅನಂತರ ಅಲ್ಲಿ ಇನ್ನೂ ದುಡಿಯುತ್ತಿದ್ದವರನ್ನು ಪರೀಕ್ಷಿಸಿದಾಗ, ಎಂದೂ ಧೂಮಪಾನ ಮಾಡದವರಲ್ಲಿ ಶ್ವಾಸಮಾರ್ಗದ ಅಡಚಣೆ ನಿರೀಕ್ಷಿತ ಪ್ರಮಾಣದ 10.8 ಪಟ್ಟು ಇತ್ತು.

ಪತ್ರಿಕೆಗಳು ಇದಕ್ಕೆ ‘ಪಾಪ್‌ಕಾರ್ನ್ ಶ್ವಾಸಕೋಶ’ ಎಂದು ಹೆಸರಿಟ್ಟವು. ನನ್ನ ಮೊದಲ ಆಕ್ಷೇಪ ಈ ಹೆಸರಿಗೇ. ಓದಿದವರು ಪಾಪ್‌ಕಾರ್ನ್ ತಿನ್ನಲು ಹೆದರಿದರೇ ವಿನಾ, ಬಿಸಿ ಎಣ್ಣೆಯ ತೊಟ್ಟಿಗೆ ಸುವಾಸನೆಯ ದ್ರಾವಣ ಸುರಿಯುತ್ತಿದ್ದ ಕೆಲಸಗಾರನ ಬಗ್ಗೆ ಯೋಚಿಸಲಿಲ್ಲ. ಡೈಅಸಿಟೈಲ್ ಕುದಿಯುವುದು ಸುಮಾರು 88 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಿಸಿ ತೊಟ್ಟಿಯ ಮೇಲೆ ಅದರ ಆವಿ ದಟ್ಟವಾಗಿರುವುದು ಸಹಜವೇ ಅಲ್ಲವೆ?

ಎರಡನೆಯ ಆಕ್ಷೇಪ ನಮ್ಮ ಪಾಠಗಳ ಬಗ್ಗೆ. ಮೂಗಿನ ಕೂದಲು, ಲೋಳೆ, ಸಿಲಿಯಗಳು ಗಾಳಿಯನ್ನು ಶೋಧಿಸುತ್ತವೆ ಎಂದು ಹೇಳಿ ಮುಗಿಸುತ್ತೇವೆ. ಅದು ದೂಳಿಗೆ ಸರಿ. ಆವಿಯ ಅಣುವನ್ನು ಕೂದಲು ತಡೆಯಲಾರದು. ಆ ಅಣು ಎಲ್ಲಿ ಇಳಿಯುತ್ತದೆ ಎಂಬುದು ಬಹುಮಟ್ಟಿಗೆ ನೀರಿನಲ್ಲಿ ಅದರ ವಿಲೇಯತೆಯನ್ನು ಅವಲಂಬಿಸಿದೆ. ಅಮೋನಿಯ ಮೂಗು, ಗಂಟಲಿನಲ್ಲೇ ಕರಗಿ ಉರಿಸುತ್ತದೆ, ನಾವು ಓಡಿ ಪಾರಾಗುತ್ತೇವೆ. ಅಷ್ಟಾಗಿ ಕರಗದ ಫಾಸ್ಜೀನ್ ಸದ್ದಿಲ್ಲದೆ ಆಳಕ್ಕಿಳಿಯುತ್ತದೆ. ಡೈಅಸಿಟೈಲ್ ಕರಗುವಂಥದೇ ಆದರೂ, ದುಡಿಯುವಾತ ಬಾಯಿಂದ ಉಸಿರೆಳೆದಾಗ ಒಂದು ಪಾಲು ಕಿರುಶ್ವಾಸನಾಳಗಳನ್ನು ತಲಪುತ್ತದೆ. ಅದರ ಅಣುವಿನಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಕಾರ್ಬೊನಿಲ್ ಗುಂಪುಗಳು ಪ್ರೋಟೀನುಗಳ ಆರ್ಜಿನೀನ್ ಘಟಕಗಳಿಗೆ ಅಂಟಿಕೊಳ್ಳುತ್ತವೆ. ನಾಳದ ಒಳಪದರದ ಜೀವಕೋಶಗಳು ಸಾಯುತ್ತವೆ. ಹೊಸ ಪದರ ಹರಡಿ ಗಾಯ ಮುಚ್ಚಬೇಕಾದಲ್ಲಿ ನಾರಿನ ಅಂಗಾಂಶ ಬೆಳೆಯುತ್ತದೆ. ನಾಳ ಕಿರಿದಾಗುತ್ತದೆ, ಕೆಲವೆಡೆ ಮುಚ್ಚಿಯೇ ಹೋಗುತ್ತದೆ. ಈ ಕಲೆ ಮತ್ತೆ ಬಿಚ್ಚುವುದಿಲ್ಲ.

ಇಲ್ಲಿ ಭೌತವಿಜ್ಞಾನದ ಮೇಷ್ಟರುಗಳಿಗೂ ಒಂದು ಮಾತು. ನಾಳದ ತ್ರಿಜ್ಯ ಅರ್ಧವಾದರೆ ರೋಧ 16 ಪಟ್ಟಾಗುತ್ತದೆ ಎಂಬ ಪ್ವಾಸಯ್‌ನ ಲೆಕ್ಕವನ್ನು ಉತ್ಸಾಹದಿಂದ ಹಾಕುತ್ತೇವೆ. ಲೆಕ್ಕ ಸರಿ, ಆದರೆ ಅದು ಒಂಟಿ ನಳಿಗೆಯದು. ಹಾಗಿದ್ದರೆ ರೋಗಿ ಮೊದಲ ತಿಂಗಳೇ ಏದುಸಿರು ಬಿಡಬೇಕಿತ್ತಲ್ಲ? ಕಿರುಶ್ವಾಸನಾಳಗಳು ಸಾವಿರಾರು, ಎಲ್ಲವೂ ಸಮಾಂತರ ಜೋಡಣೆಯಲ್ಲಿವೆ. ಆದ್ದರಿಂದ ಒಟ್ಟು ರೋಧದಲ್ಲಿ ಅವುಗಳ ಪಾಲು ಚಿಕ್ಕದು. ಅದು ಹತ್ತರಲ್ಲಿ ಒಂದು ಎಂದಿಟ್ಟುಕೊಳ್ಳಿ. ಅರ್ಧದಷ್ಟು ನಾಳಗಳು ಪೂರ್ತಿ ಮುಚ್ಚಿದರೆ ಅವುಗಳ ರೋಧ ಇಮ್ಮಡಿಯಾಗುತ್ತದೆ, ಆದರೆ ಒಟ್ಟು ರೋಧ ಏರುವುದು ಶೇಕಡ 10 ಮಾತ್ರ! ಕೆಲಸಗಾರನಿಗೆ ಮೆಟ್ಟಿಲು ಹತ್ತುವುದು ಕಷ್ಟವಾಗುವ ಹೊತ್ತಿಗೆ ಹಾನಿ ಬಹಳ ಮುಂದುವರಿದಿರುತ್ತದೆ. ಓಮನ ನಿಯಮ ಕಲಿತ ಹತ್ತನೆಯ ತರಗತಿಯ ವಿದ್ಯಾರ್ಥಿಗೂ ಇದು ಅರ್ಥವಾಗುತ್ತದೆ. ಅದನ್ನು ಹೇಳದೆ ಬಿಡುವುದೇಕೋ ತಿಳಿಯದು.

‘ವಿಷ’ ಎಂಬುದು ವಸ್ತುವಿಗೇ ಅಂಟಿದ ಗುಣ ಎಂಬಂತೆ ಬರೆಯುವ ಅಭ್ಯಾಸವೂ ಬಿಡಬೇಕು. 2019ರಲ್ಲಿ ಅಮೆರಿಕದಲ್ಲಿ ಇ–ಸಿಗರೇಟ್ ಸೇದಿದವರಲ್ಲಿ ತೀವ್ರ ಶ್ವಾಸಕೋಶ ಹಾನಿ ಕಾಣಿಸಿಕೊಂಡಿತು. 2020ರ ಫೆಬ್ರವರಿಯ ವೇಳೆಗೆ 68 ಮಂದಿ ಸತ್ತಿದ್ದರು. ಅದನ್ನೂ ಹಲವರು ‘ಪಾಪ್‌ಕಾರ್ನ್ ಶ್ವಾಸಕೋಶ’ದೊಂದಿಗೆ ಕಲಸಿದರು. ಅದು ಬೇರೆಯೇ ರೋಗ. ಅದರೊಂದಿಗೆ ಬಲವಾಗಿ ತಳಕುಹಾಕಿಕೊಂಡದ್ದು ವಿಟಮಿನ್ ಇ ಅಸಿಟೇಟ್, ಅಂದರೆ ಗುಳಿಗೆಯಲ್ಲಿ ನುಂಗುವ, ಚರ್ಮಕ್ಕೆ ಹಚ್ಚುವ ವಸ್ತು.

ಇನ್ನು ‘ಡೈಅಸಿಟೈಲ್‌ರಹಿತ’ ಎಂಬ ಲೇಬಲ್ಲಿನ ವಿಚಾರ. ಬದಲಿಯಾಗಿ ಬಂದ 2,3–ಪೆಂಟೇನ್‌ಡೈಓನ್‌ನಲ್ಲಿ ಒಂದು ಇಂಗಾಲ ಹೆಚ್ಚು, ಆದರೆ ಆ ಎರಡು ಕಾರ್ಬೊನಿಲ್‌ಗಳು ಇದ್ದಲ್ಲೇ ಇವೆ. ಇಲಿಗಳ ಶ್ವಾಸಮಾರ್ಗಕ್ಕೆ ಅದೂ ಅದೇ ಬಗೆಯ ಹಾನಿ ಮಾಡಿತು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 2016ರಲ್ಲಿ ಎಂಟು ಗಂಟೆಯ ಕೆಲಸಕ್ಕೆ ಸೂಚಿಸಿದ ಮಿತಿ, ನೂರು ಕೋಟಿ ಭಾಗ ಗಾಳಿಯಲ್ಲಿ ಡೈಅಸಿಟೈಲ್‌ಗೆ 5 ಭಾಗ, ಪೆಂಟೇನ್‌ಡೈಓನ್‌ಗೆ 9.3 ಭಾಗ. ಎರಡನೆಯದು ಕಡಿಮೆ ವಿಷಕಾರಿ ಎಂದು ಇದನ್ನು ಓದಬಾರದು. ಅದಕ್ಕಿಂತ ಕಡಿಮೆ ಪ್ರಮಾಣವನ್ನು ನೆಚ್ಚಿಕೊಂಡು ಅಳೆಯುವ ವಿಧಾನ ಆಗ ಇರಲಿಲ್ಲ, ಅಷ್ಟೆ.