ಒತ್ತುವ ಕೈಯ ಹದ

ಹೊಳೆನರಸೀಪುರದಲ್ಲೋ ಚನ್ನರಾಯಪಟ್ಟಣದಲ್ಲೋ ಪಾಲಿನ ದಾವೆ ಅಂದರೆ ಬರೀ ಗುಂಟೆ ಲೆಕ್ಕವಲ್ಲ. ಬೋರ್‌ವೆಲ್ ಯಾರಿಗೆ, ತೆಂಗಿನ ಸಾಲು ಯಾರಿಗೆ, ಬಂಡಿದಾರಿ ಎಲ್ಲಿ ಎಂಬುದೇ ನಿಜವಾದ ಜಗಳ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಪ್ರಕಾರ ನ್ಯಾಯಾಧೀಶರು ಇಂಥದ್ದನ್ನು ಮಧ್ಯಸ್ಥಿಕೆಗೆ ಕಳಿಸಬಹುದು. ಹೈಕೋರ್ಟಿನ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಶುರುವಾದದ್ದು 2007ರಲ್ಲಿ.

ಮೀಡಿಯೇಟರ್‌ಗೆ ತೀರ್ಪು ಕೊಡುವ ಅಧಿಕಾರವಿಲ್ಲ. ಆದರೂ ಒತ್ತುತ್ತಾರೆ. ಅಣ್ಣನನ್ನು ಒಬ್ಬನನ್ನೇ ಕೂರಿಸಿಕೊಂಡು, "ಗೆದ್ದಿರಿ ಅಂತಲೇ ಇಟ್ಟುಕೊಳ್ಳಿ, ತಮ್ಮ ಅಪೀಲು ಹೋಗಲ್ವಾ? ಅಲ್ಲಿವರೆಗೂ ತೋಟ ಯಾರು ನೋಡ್ತಾರೆ?" ಎಂದು ಕೇಳಿ ಸುಮ್ಮನಾಗುತ್ತಾರೆ. ಆ ಮೌನ ತುಂಬಲು ಆತನೇ ಬಾಯಿ ಬಿಡಬೇಕು. ಅಲ್ಲಿ ಆಡಿದ್ದು ಗುಟ್ಟು. ನ್ಯಾಯಾಧೀಶರ ಕಿವಿಗೂ ಹೋಗುವಂತಿಲ್ಲ. ಹಾಗಾಗಿಯೇ ಹಟದ ಕೆಳಗಿದ್ದ ನಿಜವಾದ ಬೇಡಿಕೆ, ಹಲವು ಸಲ ಬರೀ ಒಂದು ದಾರಿ, ಹೊರಬೀಳುತ್ತದೆ. ನನಗೆ ಈ ಕಸುಬಿನಲ್ಲಿ ಬಹಳ ಹಿಡಿಸುವುದು ಇದೇ.

ಹದ ತಪ್ಪುವುದೂ ಉಂಟು. "ಅರಿಶಿನ-ಕುಂಕುಮಕ್ಕೆ ಅಂತ ಏನಾದರೂ ತಗೊಂಡು ಸಹಿ ಹಾಕಮ್ಮ" ಎಂದು ತಂಗಿಯನ್ನಷ್ಟೇ ಒತ್ತುವುದು ರಾಜಿಯಲ್ಲ, ವಸೂಲಿ. ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದೆ. 2020ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಖಚಿತಪಡಿಸಿದೆ. ಒಳ್ಳೆಯ ಮಧ್ಯಸ್ಥರು ಇದನ್ನು ಆಕೆಗೆ ಮೊದಲು ತಿಳಿಸಿಯೇ ಮಾತು ಶುರುಮಾಡುತ್ತಾರೆ.

ಒಪ್ಪದೆ ಎದ್ದು ಬರುವ ಹಕ್ಕು ಕೊನೆಯವರೆಗೂ ನಿಮ್ಮದೇ. ಆದರೆ ಒಮ್ಮೆ ಒಪ್ಪಿ ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದು ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಚಕ್ಕುಬಂದಿ ಸಮೇತ ಪೂರ್ತಿ ಓದಿಸಿಕೊಂಡು ಆಮೇಲೆ ಸಹಿ ಹಾಕಿ.