ಸಿಮೆಂಟಿನ ಊರು, ಸುಸ್ಥಿರತೆಯ ಡಿಗ್ರಿ

ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಕಳೆದ ತಿಂಗಳು ನನ್ನ ಹತ್ತಿರ ಬಂದಿದ್ದಳು. ಶಿಗ್ಗಾವಿ ತಾಲ್ಲೂಕಿನ ಕೇರಿಯೊಂದರ ಕೂಲಿಕಾರರ ಮಗಳು. ಕೈಯಲ್ಲಿ ನುಣುಪು ಕಾಗದದ ಒಂದು ಪ್ರಚಾರಪತ್ರ, ಬೆಂಗಳೂರಿನ ಯಾವುದೋ ಖಾಸಗಿ ವಿಶ್ವವಿದ್ಯಾಲಯದ್ದು. ಸುಸ್ಥಿರತೆ ಮತ್ತು ನಾಯಕತ್ವ ಎಂಬ ವಿಷಯದಲ್ಲಿ ಅಂತರಶಿಸ್ತೀಯ ಪದವಿ ಕೊಡುತ್ತಾರಂತೆ. ಫೀಸು ವರ್ಷಕ್ಕೆ ಲಕ್ಷಗಟ್ಟಲೆ. "ಸರ, ಸುಸ್ಥಿರತೆ ಅಂದ್ರ ಏನ್ರೀ? ನಾಯಕತ್ವ ಓದಿದ್ರ ಬರತೈತೇನ್ರೀ?" ಅಂದಳು. ಮೊದಲನೇ ಪ್ರಶ್ನೆಗೆ ಅರ್ಧಂಬರ್ಧ ಏನೋ ಹೇಳಿದೆ. ಎರಡನೆಯದಕ್ಕೆ ನಕ್ಕುಬಿಟ್ಟೆ. ಅವಳು ನಗಲಿಲ್ಲ. ಆ ಬಾಕಿ ತೀರಿಸುವುದಕ್ಕೆ ಈ ಬರಹ.

ಗೆಳೆಯರೆ, ಈ ಪದ ಎಲ್ಲಿಂದ ಬಂತು ಅನ್ನುವುದನ್ನು ಮೊದಲು ನೋಡೋಣ. 1987ರಲ್ಲಿ ವಿಶ್ವಸಂಸ್ಥೆಯ ಆಯೋಗವೊಂದು ವರದಿ ಕೊಟ್ಟಿತು. ನಾರ್ವೆಯ ಪ್ರಧಾನಿಯಾಗಿದ್ದ ಬ್ರಂಟ್‌ಲಾಂಡ್ ಎಂಬ ಹೆಣ್ಣುಮಗಳು ಅದರ ಅಧ್ಯಕ್ಷೆ. ಇವತ್ತಿನವರ ಅಗತ್ಯ ಪೂರೈಸಬೇಕು, ಆದರೆ ನಾಳೆ ಹುಟ್ಟುವವರ ಪಾಲನ್ನು ಕಸಿಯಬಾರದು, ಅದೇ ಸುಸ್ಥಿರ ಅಭಿವೃದ್ಧಿ ಎಂಬುದು ಅದರ ಸಾರ. 2006ರಲ್ಲಿ ಅಮೆರಿಕದ ಅರಿಝೋನಾ ರಾಜ್ಯ ವಿಶ್ವವಿದ್ಯಾಲಯ ಇದಕ್ಕೆಂದೇ ಒಂದು ಶಾಲೆ ತೆರೆಯಿತು. 2015ರಲ್ಲಿ ವಿಶ್ವಸಂಸ್ಥೆ 17 ಗುರಿಗಳನ್ನು ಇಟ್ಟುಕೊಂಡು 2030ರ ಗಡುವು ಹಾಕಿತು. ಅಲ್ಲಿಂದ ಮುಂದೆ ಕಂಪನಿಗಳ ವಾರ್ಷಿಕ ವರದಿಯಲ್ಲಿ, ಮಂತ್ರಿಗಳ ಭಾಷಣದಲ್ಲಿ, ಈಗ ನಮ್ಮ ಹುಡುಗಿಯ ಕೈಯಲ್ಲಿ ಈ ಪದ. ಅದರ ಮೂಲ ಅರ್ಥದ ಬಗ್ಗೆ ನನಗೆ ತಕರಾರಿಲ್ಲ. ನಾಳೆ ಹುಟ್ಟುವವರ ಪಾಲಿನ ಬಗ್ಗೆ ಯಾರಾದರೂ ಯೋಚಿಸಿದರೆ ಒಳ್ಳೆಯದೇ. ಆದರೆ ನಿನ್ನೆ ಹುಟ್ಟಿದವರ ಪಾಲು ಎಲ್ಲಿ ಹೋಯಿತು ಎಂಬ ಕಾಲಂ ಆ ಲೆಕ್ಕದ ಪುಸ್ತಕದಲ್ಲಿ ಇಲ್ಲ.

ಇನ್ನು ಕನ್ನಡದ ಅನುವಾದ. ಯಾರು ಮಾಡಿದರೋ, ತಮಗೆ ಗೊತ್ತಿಲ್ಲದೆಯೇ ಒಂದು ಸತ್ಯ ಹೇಳಿದ್ದಾರೆ. ಸು ಎಂದರೆ ಚೆನ್ನಾಗಿ, ಸ್ಥಿರ ಎಂದರೆ ಅಲುಗಾಡದೆ ಇರುವುದು. ನಮ್ಮ ಹಳ್ಳಿಗಳಲ್ಲಿ ನೂರಾರು ವರ್ಷ ಚೆನ್ನಾಗಿ, ಅಲುಗಾಡದೆ ನಿಂತದ್ದು ಯಾವುದು? ಜಾತಿ. ಶರಣರು ಹನ್ನೆರಡನೇ ಶತಮಾನದಲ್ಲಿಯೇ ಸ್ಥಾವರ ಬೇರೆ, ಜಂಗಮ ಬೇರೆ ಎಂದು ಬಿಡಿಸಿ ಹೇಳಿದ ನಾಡು ಇದು. ಅಂಥಲ್ಲಿ ಸ್ಥಿರ ಎಂಬ ಪದ ಕೇಳಿದಾಗ ಹೊಲಗೇರಿಯ ಕಿವಿ ಸ್ವಲ್ಪ ಚುರುಕಾಗುವುದು ಸಹಜ.

ನಮ್ಮ ಕಡೆಯ ಆಯಗಾರಿಕೆಯನ್ನೇ ತೆಗೆದುಕೊಳ್ಳಿ. ಬಡಿಗ, ಕಂಬಾರ, ಕುಂಬಾರ, ಅಗಸ, ನಾವಿದ, ಹೊಲೆಯ, ಮಾದಿಗ, ಎಲ್ಲರಿಗೂ ವರ್ಷಕ್ಕೊಮ್ಮೆ ಕಣದಲ್ಲಿ ಆಯ. ಈಗಿನ ಪಠ್ಯಗಳ ಪರಿಭಾಷೆಯಲ್ಲಿ ಇದಕ್ಕಿಂತ ಸುಸ್ಥಿರ ವ್ಯವಸ್ಥೆ ಬೇಕೆ? ಹೊರಗಿನಿಂದ ಏನೂ ತರುವುದಿಲ್ಲ, ಏನೂ ಪೋಲಾಗುವುದಿಲ್ಲ. ಎತ್ತು ಸತ್ತರೆ ಮಾದಿಗ ಎಳೆದುಕೊಂಡು ಹೋಗಬೇಕು. ಅದರ ತೊಗಲು ಮಿಣಿಯಾಯಿತು, ಬಾರುಕೋಲಾಯಿತು, ಗೌಡನ ಕಾಲಿಗೆ ಕೆರವಾಯಿತು, ಜಾತ್ರೆಗೆ ಹಲಗಿಯಾಯಿತು. ಊರು ನಾರಲಿಲ್ಲ. ತ್ಯಾಜ್ಯದ ಮರುಬಳಕೆ ಎಂದು ಈಗ ಒಂದು ಸೆಮಿಸ್ಟರು ಕಲಿಸುವುದನ್ನು ಮಾದಿಗ ತನ್ನ ಮೈಯಲ್ಲಿ ಹೊತ್ತು ಮಾಡಿದ. ಅವನಿಗೆ ಸಿಕ್ಕಿದ್ದು ಕಣ ಬಳಿದ ಮೇಲಿನ ಮಣ್ಣು ಬೆರೆತ ಕಾಳು, ಮತ್ತು ಬಾವಿಯಿಂದ ದೂರ ನಿಲ್ಲುವ ಜಾಗ. 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯ ಆರಾಧನೆಯನ್ನು ಅಷ್ಟು ಕಟುವಾಗಿ ತಳ್ಳಿಹಾಕಿದ್ದು ಇದನ್ನು ಕಂಡವರಾದ್ದರಿಂದ.

ಗೊಟಗೋಡಿಗೆ ಹೋದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕದ ಈ ಸಣ್ಣ ಊರಲ್ಲಿ ಈಗ ಎರಡು ದೊಡ್ಡ ಸಂಗತಿಗಳಿವೆ. ಒಂದು ಉತ್ಸವ್ ರಾಕ್ ಗಾರ್ಡನ್. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ್ದು. ಅವರು 2020ರಲ್ಲಿ ತೀರಿಕೊಂಡರು. ಸಾವಿರಕ್ಕೂ ಹೆಚ್ಚು ಶಿಲ್ಪಗಳು, ಉತ್ತರ ಕರ್ನಾಟಕದ ಹಳ್ಳಿ ಬದುಕು ಆಳೆತ್ತರಕ್ಕೆ ಸಿಮೆಂಟಿನಲ್ಲಿ ನಿಂತಿದೆ. ದೊಡ್ಡಾಟವನ್ನು ಎತ್ತಿ ಹಿಡಿದ ಆ ಮನುಷ್ಯನ ಕೈಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಮುದುಕರು ಅಲ್ಲಿ ನಿಂತು ತಮ್ಮ ಕಾಲದ ಎತ್ತು, ನೇಗಿಲು ಗುರುತಿಸಿ ಕಣ್ಣು ತುಂಬಿಕೊಂಡದ್ದನ್ನು ನೋಡಿದ್ದೇನೆ. ಆದರೆ ಸಿಮೆಂಟಿನ ಊರಿನಲ್ಲಿ ವಾಸನೆ ಇಲ್ಲ, ಕೂಲಿ ಇಲ್ಲ, ಬೈಗುಳ ಇಲ್ಲ. ಶಿಲ್ಪಿ ಮುಚ್ಚಿಟ್ಟರು ಅಂತಲ್ಲ, ಆ ವಸ್ತುವಿನ ಗುಣವೇ ಅದು. ಕೂತವನು ಕೂತೇ ಇರುತ್ತಾನೆ, ಬಾಗಿದವನು ಬಾಗಿಯೇ ಇರುತ್ತಾನೆ. ಟಿಕೀಟು ಕೊಂಡು ಬರುವ ಪಟ್ಟಣದ ಮಕ್ಕಳು "ಆಗ ಎಷ್ಟು ಚೆಂದ ಇತ್ತು" ಅಂತ ಫೋಟೋ ತೆಗೆಸಿಕೊಂಡು ಹೋಗುತ್ತಾರೆ.

ಎರಡನೆಯದು, 2011ರ ಕಾಯ್ದೆಯಿಂದ ಹುಟ್ಟಿದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ. ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ, ಅದೂ ಜಿಲ್ಲಾ ಕೇಂದ್ರದಲ್ಲಲ್ಲ, ಗೊಟಗೋಡಿಯಂಥ ಹಳ್ಳಿಯಲ್ಲಿ. ಇದು ಸಣ್ಣ ಮಾತಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿಲ್ಲ, ಕೂಲಿಕಾರರ ಮಗಳು ಮನೆಯಿಂದಲೇ ಹೋಗಿ ಬರಬಹುದು. ಆದರೆ ಜಾನಪದವನ್ನು ಪರಂಪರೆ ಎಂದು ಮಾತ್ರ ನೋಡುವ ಕಣ್ಣಿಗೂ ಸುಸ್ಥಿರತೆ ಎಂದು ಮಾತ್ರ ನೋಡುವ ಕಣ್ಣಿಗೂ ಪೊರೆ ಒಂದೇ. ಹಲಗಿಯ ನಾದ ಉಳಿಯಬೇಕು ಅನ್ನುತ್ತಾರೆ. ಹಲಗಿ ಬಾರಿಸುವುದಿಲ್ಲ, ಸತ್ತ ದನ ಎಳೆಯುವುದಿಲ್ಲ ಎಂದು ನಮ್ಮ ಹುಡುಗರು ಊರೂರಲ್ಲಿ ಎದ್ದು ನಿಂತು ಬಹಿಷ್ಕಾರ ಉಂಡರಲ್ಲ, ಆ ಮೌನವೂ ಜಾನಪದವೇ. ಅದನ್ನು ಸಂಗ್ರಹಿಸುವವರು ಯಾರು?

ಹಾಗಾದರೆ ಸುಸ್ಥಿರತೆ ಎಂಬುದು ಬರೇ ಮೇಲ್ಜಾತಿಯ ಹುನ್ನಾರವೆ? ಹಾಗೆ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ನಮ್ಮ ನೆರೆಯ ಹಾನಗಲ್ ತಾಲ್ಲೂಕಿನ ಕುಸನೂರು ಹಾಗೆ ಹೇಳಲು ಬಿಡುವುದಿಲ್ಲ. 1984ರಲ್ಲಿ ಸರ್ಕಾರ ಹರಿಹರ ಪಾಲಿಫೈಬರ್ಸ್ ಕಂಪನಿಯೊಡನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಕಟ್ಟಿತು. ಆಗಿನ ಧಾರವಾಡ, ಶಿವಮೊಗ್ಗ ಮೊದಲಾದ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯನ್ನು 40 ವರ್ಷಕ್ಕೆ ಕೊಟ್ಟು, ಕಾರ್ಖಾನೆಯ ತಿರುಳಿಗೆ ನೀಲಗಿರಿ ನೆಡುವುದು ಅದರ ಯೋಜನೆ. ದನ ಮೇಯುವ, ಸೌದೆ ಆರಿಸುವ ನೆಲ ಕಂಪನಿಯ ತೋಪಾಯಿತು. ಕಾಗದದ ಮೇಲೆ ಮಾತ್ರ ಹಸಿರೇ ಹಸಿರು. ಸಮಾಜ ಪರಿವರ್ತನ ಸಮುದಾಯದವರು, ಶಿವರಾಮ ಕಾರಂತರನ್ನೂ ಅರ್ಜಿದಾರರಾಗಿಸಿಕೊಂಡು, ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಅಂತ ಅದರ ಹೆಸರು. ಆ ಹೆಸರಿನಲ್ಲೇ ನಮ್ಮ ಕಡೆಯ ಬಾಯಿ ಇದೆ, ಯಾವ ಅನುವಾದಕನೂ ಬೇಕಾಗಿಲ್ಲ. 1991ರಲ್ಲಿ ಆ ಕಂಪನಿ ಮುಚ್ಚಿತು. ಬ್ರಂಟ್‌ಲಾಂಡ್ ವರದಿ ಬಂದ ವರ್ಷವೂ ಕುಸನೂರಿನ ವರ್ಷವೂ ಒಂದೇ ಎಂಬುದನ್ನು ಡಿಗ್ರಿ ಓದುವ ಹುಡುಗರಿಗೆ ಯಾರಾದರೂ ಹೇಳುತ್ತಾರೆಯೆ?

ಇಲ್ಲಿ ನಮ್ಮ ಚಳವಳಿಯ ಮಾತೂ ಬರಬೇಕು. ನಾವು ಭೂಮಿ ಕೇಳಿದೆವು, ಮಣ್ಣಿನ ಬಗ್ಗೆ ಕೇಳಲಿಲ್ಲ. ಕೆರೆ, ಗೋಮಾಳ, ಕಾಡಿನ ಮಾತನ್ನು ಪರಿಸರವಾದಿಗಳಿಗೆ ಬಿಟ್ಟುಕೊಟ್ಟೆವು. ಅವರು ಗೋಮಾಳ ಉಳಿಯಲಿ ಅಂದಾಗ ನಾವು ಬಗರ್‌ಹುಕುಂ ಸಾಗುವಳಿಯವನಿಗೆ ಪಟ್ಟಾ ಕೊಡಿ ಅಂದೆವು. ಇಬ್ಬರೂ ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿದೆವು. ದನವಿದ್ದವನಿಗೆ ಗೋಮಾಳ ಸಾಮೂಹಿಕ ಆಸ್ತಿ, ದನವೂ ಇಲ್ಲ ಹೊಲವೂ ಇಲ್ಲದವನಿಗೆ ಅದೊಂದೇ ಹೊಲವಾಗಬಹುದಾದ ತುಂಡು. ಈ ಜಗಳ ಇನ್ನೂ ಬಗೆಹರಿದಿಲ್ಲ. ದಲಿತರಿಗೆ ಮಂಜೂರಾದ ನೆಲ ಪರಭಾರೆಯಾಗದಂತೆ 1978ರಲ್ಲಿ ಕಾಯ್ದೆ ಬಂತು. ತಡವಾಗಿ ಅರ್ಜಿ ಹಾಕಿದರು ಎಂದು ಕೋರ್ಟುಗಳು ನೆಲ ವಾಪಸ್ ಕೊಡಲು ನಿರಾಕರಿಸುತ್ತ ಬಂದ ಮೇಲೆ, ಕಾಲಮಿತಿ ಇಲ್ಲ ಎಂದು ತಿದ್ದುಪಡಿಯಾದದ್ದು 2023ರಲ್ಲಿ. ದಲಿತನ ಕೈಯಲ್ಲಿ ಒಂದು ಎಕರೆ ಯಾಕೆ ಸ್ಥಿರವಾಗಿ ನಿಲ್ಲುವುದಿಲ್ಲ? ಸುಸ್ಥಿರತೆಯ ಮೊದಲನೇ ವರ್ಷದ ಮೊದಲನೇ ಪತ್ರಿಕೆ ಇದಾಗಬೇಕು.

ಎರಡನೇ ಪತ್ರಿಕೆಗೆ ಸವಣೂರು. ಶಿಗ್ಗಾವಿಯಿಂದ ಬಸ್ಸು ಹತ್ತಿದರೆ ಮುಂದಿನ ತಾಲ್ಲೂಕು. 2010ರ ಜುಲೈ 20ರಂದು ಅಲ್ಲಿಯ ಪುರಸಭೆಯ ಮುಂದೆ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡರು. ತಲೆಮಾರುಗಳಿಂದ ಬದುಕಿದ್ದ ಜಾಗದಿಂದ ಅವರನ್ನು ಎಬ್ಬಿಸಿ ಅಲ್ಲಿ ವಾಣಿಜ್ಯ ಮಳಿಗೆ ಕಟ್ಟಬೇಕಾಗಿತ್ತು. ನಳದ ನೀರೂ ನಿಂತಿತ್ತು. ಅರ್ಜಿ ಕೊಟ್ಟು ಸೋತಿದ್ದರು. ಮಲ ಹೊರುವುದನ್ನು ಬಿ. ಬಸವಲಿಂಗಪ್ಪನವರು ಪೌರಾಡಳಿತ ಸಚಿವರಾಗಿದ್ದ 1970ರ ದಶಕದಲ್ಲೇ ಈ ರಾಜ್ಯ ನಿಷೇಧಿಸಿತ್ತು. 1993ರಲ್ಲಿ ದೇಶಕ್ಕೆಲ್ಲ ಕಾಯ್ದೆ ಬಂದಿತ್ತು. ಆದರೂ 2010ರಲ್ಲಿ ಸವಣೂರಿನ ಆ ಜನ ತಮ್ಮ ಅಹವಾಲು ಹೇಳಲು ತಮ್ಮ ದುಡಿಮೆಯ ವಸ್ತುವನ್ನೇ ಬಳಸಬೇಕಾಯಿತು. ರಾಜ್ಯವೆಲ್ಲ ಬೆಚ್ಚಿತು, ನಾವೂ ಓಡಿದೆವು, ಧಿಕ್ಕಾರ ಕೂಗಿದೆವು. ಆದರೆ ಅದಕ್ಕೂ ಮೊದಲು ನಮ್ಮ ಸಂಘಟನೆಗಳಲ್ಲಿ ಎಷ್ಟು ಜನ ಆ ಓಣಿಗೆ ಹೋಗಿ ಒಂದು ಲೋಟ ನೀರು ಕುಡಿದಿದ್ದರು? ದಲಿತರೊಳಗೇ ಮೇಲು ಕೀಳು ಇದೆ. ವಿಶ್ವಸಂಸ್ಥೆಯ 17 ಗುರಿಗಳಲ್ಲಿ ಆರನೆಯದು ಶುದ್ಧ ನೀರು ಮತ್ತು ನೈರ್ಮಲ್ಯ. ಆ ಗುರಿಯನ್ನು ಹೆಗಲ ಮೇಲೆ ಹೊತ್ತವರ ಹೆಸರು ಅಲ್ಲಿ ಕಾಣುವುದಿಲ್ಲ. 2013ರಲ್ಲಿ ಹೊಸ ಕಾಯ್ದೆ ಬಂದ ಮೇಲೂ ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿ ಸಾಯುವುದು ನಿಂತಿಲ್ಲ.

ನಾಯಕತ್ವದ ಪ್ರಶ್ನೆಗೆ ನಾನು ನಕ್ಕಿದ್ದು ತಪ್ಪು. ಅದು ಕೇಳಬೇಕಾದ ಪ್ರಶ್ನೆಯೇ. ಈ ಪದವಿಗಳು ಹೇಳುವ ನಾಯಕತ್ವ ಬಹುತೇಕ ಕಂಪನಿಯ ಮೇಲ್ವಿಚಾರಣೆ: ತಂಡ ಕಟ್ಟುವುದು, ಎದುರಿಗಿದ್ದವರನ್ನು ಒಪ್ಪಿಸುವುದು, ಜಗಳವನ್ನು ಮೆತ್ತಗೆ ಮಾಡುವುದು. ನಮ್ಮಲ್ಲಿ ನಾಯಕರಾದವರು ಜಗಳ ಎಬ್ಬಿಸಿದವರು. 1973ರಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದ ಬಸವಲಿಂಗಪ್ಪನವರು ಮಂತ್ರಿಗಿರಿ ಕಳೆದುಕೊಂಡರು, ಆದರೆ ಆ ಒಂದು ಮಾತಿನಿಂದ ಹಾಸ್ಟೆಲ್ಲುಗಳ ಹುಡುಗರು ಒಂದಾದರು. ದಲಿತ ಸಂಘರ್ಷ ಸಮಿತಿ ಕಟ್ಟಿದ ಬಿ. ಕೃಷ್ಣಪ್ಪ ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಮೇಷ್ಟ್ರು. ಕೋಲಾರದ ಚಿನ್ನದ ಗಣಿಯ ಪೌರಕಾರ್ಮಿಕರ ಕಾಲನಿಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮಲ ಹೊರುವ ಪದ್ಧತಿಯ ವಿರುದ್ಧ ದೇಶವನ್ನೇ ಸುತ್ತಿದರು. 2016ರಲ್ಲಿ ಮ್ಯಾಗ್ಸೆಸೆ ಬಂದಾಗ ಪತ್ರಿಕೆಗಳು ಅವರನ್ನು ಕಂಡುಕೊಂಡವು. ಇವರು ಯಾರೂ ನಾಯಕತ್ವವನ್ನು ಓದಿದವರಲ್ಲ. ಓದಿಲ್ಲದವರೂ ಅಲ್ಲ.

ಅದಕ್ಕೇ ನಾನು ಆ ಹುಡುಗಿಗೆ ಓದಬೇಡ ಎಂದು ಹೇಳಲಾರೆ. ಶಿಸ್ತುಗಳ ಗೋಡೆ ಒಡೆದು ಓದುವುದು ನಮಗೆ ಬೇಕೇ ಬೇಕು. ಅಂಬೇಡ್ಕರ್ ಅರ್ಥಶಾಸ್ತ್ರ ಓದಿದರು, ಕಾನೂನು ಓದಿದರು, ಜಾತಿಯ ಹುಟ್ಟಿನ ಬಗ್ಗೆ 1916ರಲ್ಲಿ ಕೊಲಂಬಿಯಾದ ಮಾನವಶಾಸ್ತ್ರದ ತರಗತಿಯಲ್ಲಿ ಪ್ರಬಂಧ ಓದಿದರು, 1918ರಲ್ಲಿ ಸಣ್ಣ ಹಿಡುವಳಿಗಳ ಬಗ್ಗೆ ಬರೆದರು, 1927ರಲ್ಲಿ ಮಹಾಡದ ಕೆರೆಗೆ ಇಳಿದರು. ಅವರಿಗೆ ಬೇಕಾಗಿದ್ದ ಉತ್ತರ ಯಾವ ಒಂದು ವಿಭಾಗದಲ್ಲೂ ಇರಲಿಲ್ಲ. ಆದರೆ ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಅಂತರಶಿಸ್ತು ಎಂಬುದು ಹೇಗೆ ಬಂತು? 2021ರಲ್ಲಿ ನಾಲ್ಕು ವರ್ಷದ ಪದವಿ ಎಂದರು, ಮುಕ್ತ ಆಯ್ಕೆ ಎಂದರು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಂದರು. ನಡುವೆ ಸಿಕ್ಕಿಕೊಂಡವರು ಬಡವರ ಮಕ್ಕಳು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬೇಕೆಂದಿತು, ದುಡ್ಡಿಲ್ಲವಂತೆ. ಆ ಪಟ್ಟಿಯಲ್ಲಿ ಹಾವೇರಿಯೂ ಇತ್ತು. ಬೆಂಗಳೂರಿನಲ್ಲಿ ಸುಸ್ಥಿರತೆಗೆ ಲಕ್ಷಗಟ್ಟಲೆ ಫೀಸು, ಹಾವೇರಿಯಲ್ಲಿ ವಿಶ್ವವಿದ್ಯಾಲಯವೇ ಸುಸ್ಥಿರವಲ್ಲ.

ಮೊನ್ನೆ ಅವಳು ಮತ್ತೆ ಬಂದಳು. ಈ ಬರಹದ ಕರಡು ಓದಿಸಿದೆ. ಸವಣೂರಿನ ಭಾಗಕ್ಕೆ ಬಂದಾಗ ನಿಂತಳು. 2010ರಲ್ಲಿ ಅವಳಿನ್ನೂ ತೊಟ್ಟಿಲಲ್ಲಿದ್ದವಳು, ಯಾರೂ ಹೇಳಿರಲಿಲ್ಲ. "ಆ ಮಂದಿ ಈಗ ಎಲ್ಲಿ ಅದಾರ್ರೀ ಸರ?" ಅಂದಳು. ಹೋಗಿ ಕೇಳಿಕೊಂಡು ಬಾ ಅಂದೆ. ನಾಳೆ ಶನಿವಾರ, ನಾನೂ ಜೊತೆಗೆ ಹೋಗುತ್ತಿದ್ದೇನೆ. ಫೀಸಿನ ಮಾತು, ವಿದ್ಯಾರ್ಥಿವೇತನದ ಅರ್ಜಿ, ಬೆಂಗಳೂರೋ ಗೊಟಗೋಡಿಯೋ ಎಂಬುದನ್ನು ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಮಾತಾಡುವುದು ಅಂತ ಆಗಿದೆ.