51 ವ್ಯಾಟ್‌ನ ದುಡಿಮೆಗಾರ

ಎನ್ವಿಡಿಯಾ 2013ರಲ್ಲಿ ತಂದ ಕ್ವಾಡ್ರೋ ಕೆ2000 ಗ್ರಾಫಿಕ್ಸ್ ಕಾರ್ಡಿನ ಬೆಲೆ ಗೊತ್ತಾಗಬೇಕಾದರೆ ಕರ್ಜಗಿಯಂಥ ಊರಿನ ಸುಡುಬೇಸಿಗೆಯಲ್ಲಿ ಓಡಿಸಿ ನೋಡಬೇಕು. ಒಂದೇ ಸ್ಲಾಟಿನಷ್ಟು ತೆಳು. ಹೆಚ್ಚೆಂದರೆ 51 ವ್ಯಾಟ್, ಹಾಗಾಗಿ ಬಿಸಿಯೂ ಕಡಿಮೆ; ಬೇರೆ ಪವರ್ ವೈರೇ ಬೇಡ, ಮದರ್‌ಬೋರ್ಡ್ ಕೊಡುವ ಕರೆಂಟೇ ಸಾಕು. 384 ಕೋರ್, 2 ಜಿಬಿ ಮೆಮೊರಿ. ಇಂದಿನ ಕಾರ್ಡುಗಳ ಮುಂದೆ ಸಣ್ಣ ಲೆಕ್ಕ, ಇರಲಿ.

ನಾನು ಮನಸೋತಿದ್ದು ಬಣ್ಣಕ್ಕೆ. ಇದರ ಡಿಸ್‌ಪ್ಲೇಪೋರ್ಟ್ 10 ಬಿಟ್ ಬಣ್ಣ ಕೊಡುತ್ತದೆ: 8 ಬಿಟ್‌ನಲ್ಲಿ ಕೆಂಪಿಗೆ 256 ಮೆಟ್ಟಿಲಾದರೆ ಇಲ್ಲಿ 1024. ಅದಕ್ಕೆ ತಕ್ಕ ಮಾನಿಟರ್, ತಕ್ಕ ಸಾಫ್ಟ್‌ವೇರ್, ಒಳ್ಳೆಯ ಫೋಟೊ ಇರಲಿ. ಬ್ಯಾಡಗಿ ಮೆಣಸಿನಕಾಯಿಯ ಸುಕ್ಕು ಮೈಮೇಲೆ ಕಡುಗೆಂಪು ಕಪ್ಪಿಗೆ ತಿರುಗುವಲ್ಲಿ ಪಟ್ಟೆ ಬೀಳುವುದಿಲ್ಲ, ನುಣ್ಣಗೆ ಜಾರುತ್ತದೆ. ಆ ಒಂದಿಂಚಿನ ಸುಕ್ಕನ್ನು ಹಿಗ್ಗಿಸಿ ಎಷ್ಟು ಹೊತ್ತು ನೋಡಿದರೂ ನನಗೆ ಸಾಕೆನಿಸದು.